ಕ್ಲಸ್ಟರಿಂಗ್ ಫಂಕ್ಷನ್‌ನ ಫಲಿತಾಂಶ ಯಾವ ರೂಪದಲ್ಲಿರಬೇಕು? ಬಳಸಿದವರು ಅನುಭವ ಹೇಳಿ

ದತ್ತಾಂಶವನ್ನು ಗುಂಪುಗಳಾಗಿ ವಿಂಗಡಿಸುವ ಫಂಕ್ಷನ್ ಒಂದನ್ನು ಬರೆಯುತ್ತಿದ್ದೇನೆ. ಪ್ರತಿ ಗುಂಪಿನ ಸದಸ್ಯರನ್ನು ಬೇರೆ ಬೇರೆ ಪಟ್ಟಿಯಾಗಿ ಕೊಡಲೇ ಅಥವಾ ಪ್ರತಿ ಸಾಲಿಗೂ ಅದರ ಗುಂಪಿನ ಸಂಖ್ಯೆಯನ್ನು ಕೊಡಲೇ?

ಉತ್ತರ 1
ಸಾಲಿಗೊಂದು ಸಂಖ್ಯೆ ಕೊಡಿ, ಅದೂ ಮೂಲ ದತ್ತಾಂಶದ ಕ್ರಮದಲ್ಲೇ. ಪಟ್ಟಿಗಳು ಕಣ್ಣಿಗೆ ಚೆಂದ, ನಿಜ. ಆದರೆ ಬಳಸುವವರು ಮುಂದೆ ಮಾಡುವ ಕೆಲಸವೇನು? ಗುಂಪನ್ನು ಮೂಲ ಕೋಷ್ಟಕಕ್ಕೆ ಹೊಸ ಕಾಲಮ್ ಆಗಿ ಸೇರಿಸುತ್ತಾರೆ, ಚಿತ್ರದಲ್ಲಿ ಬಣ್ಣ ಹಚ್ಚುತ್ತಾರೆ, ಗುಂಪುವಾರು ಸರಾಸರಿ ತೆಗೆಯುತ್ತಾರೆ. ಎಲ್ಲಕ್ಕೂ ಬೇಕಾದದ್ದು ಸಂಖ್ಯೆಗಳ ಅರೇ (ಕ್ರಮವಾಗಿ ಜೋಡಿಸಿದ ಸರಣಿ). ಅದರಿಂದ ಪಟ್ಟಿಗಳನ್ನು ಯಾವಾಗ ಬೇಕಾದರೂ ಕಟ್ಟಿಕೊಳ್ಳಬಹುದು. ಸದಸ್ಯರ ಮೌಲ್ಯಗಳನ್ನಷ್ಟೇ ಪಟ್ಟಿಯಲ್ಲಿ ಕೊಟ್ಟರೆ ಹಿಂದಿರುಗುವ ದಾರಿ ಮುಚ್ಚಿಹೋಗುತ್ತದೆ: ಒಂದೇ ಮೌಲ್ಯದ ಎರಡು ಸಾಲುಗಳಿದ್ದರೆ ಯಾವುದು ಎಲ್ಲಿಂದ ಬಂತೆಂದು ಗೊತ್ತಾಗುವುದೇ ಇಲ್ಲ. ಗಣಿತದ ತಂತ್ರಾಂಶ ಮ್ಯಾಥಮ್ಯಾಟಿಕಾದಲ್ಲಿ ಪಟ್ಟಿಗೆ ಫೈಂಡ್‌ಕ್ಲಸ್ಟರ್ಸ್, ಸಂಖ್ಯೆಗೆ ಕ್ಲಸ್ಟರಿಂಗ್‌ಕಾಂಪೊನೆಂಟ್ಸ್ ಎಂದು ಎರಡು ಫಂಕ್ಷನ್‌ಗಳಿವೆ. ಒಂದನ್ನೇ ಬರೆಯುವುದಾದರೆ ನಾನು ಎರಡನೆಯದನ್ನು ಬರೆಯುತ್ತೇನೆ. ಸಾಲುಗಳಿಗೆ ಹೆಸರಿದ್ದರೆ ಅದನ್ನೂ ಉಳಿಸಿ. ಆರ್ ಭಾಷೆಯ ಕೆ-ಮೀನ್ಸ್ (ಪ್ರತಿ ಸಾಲನ್ನು ಅದಕ್ಕೆ ಹತ್ತಿರದ ಕೇಂದ್ರದ ಗುಂಪಿಗೆ ಸೇರಿಸುವ ವಿಧಾನ) ಹಾಗೆ ಉಳಿಸುತ್ತದೆ, ಬಹಳ ಉಪಕಾರವಾಗುತ್ತದೆ.

ಉತ್ತರ 2
ಯಾವ ಗುಂಪಿಗೂ ಸೇರದ ಬಿಂದುಗಳನ್ನು, ಅಂದರೆ ಸಾಲುಗಳನ್ನು, ಮರೆಯಬೇಡಿ. ಪೈಥಾನ್ ಭಾಷೆಯ ಸೈಕಿಟ್-ಲರ್ನ್ ಲೈಬ್ರರಿಯ ಡಿಬಿಸ್ಕ್ಯಾನ್ (ದಟ್ಟವಾಗಿ ನೆರೆದ ಬಿಂದುಗಳನ್ನು ಗುಂಪು ಮಾಡುವ ವಿಧಾನ) ಅವಕ್ಕೆ -1 ಕೊಡುತ್ತದೆ, ಆರ್‌ನ ಡಿಬಿಸ್ಕ್ಯಾನ್ ಪ್ಯಾಕೇಜ್ 0 ಕೊಡುತ್ತದೆ. ಪೈಥಾನ್‌ನಲ್ಲಿ -1 ಎಂದರೆ ಅರೇಯ ಕೊನೆಯ ಅಂಶ. ಹೀಗಾಗಿ ಗುಂಪಿನ ಸಂಖ್ಯೆಯಿಂದ ಹೆಸರನ್ನೋ ಬಣ್ಣವನ್ನೋ ಆರಿಸುವಾಗ ಗುಂಪಿಲ್ಲದ ಬಿಂದುವಿಗೆ ಕೊನೆಯ ಗುಂಪಿನದು ಸಿಗುತ್ತದೆ, ದೋಷದ ಸಂದೇಶವೂ ಬರುವುದಿಲ್ಲ. ಇಂಥ ಸದ್ದಿಲ್ಲದ ತಪ್ಪು ನನಗೆ ನಿಜಕ್ಕೂ ಭಯ ಹುಟ್ಟಿಸುತ್ತದೆ. ಯಾವ ಗುರುತನ್ನೇ ಆರಿಸಿದರೂ ದಾಖಲೆಯ ಮೊದಲ ಸಾಲುಗಳಲ್ಲೇ ಬರೆಯಿರಿ.

ಉತ್ತರ 3
ಶ್ರೇಣೀಕೃತ ಕ್ಲಸ್ಟರಿಂಗ್ (ಹತ್ತಿರದ ಗುಂಪುಗಳನ್ನು ಎರಡೆರಡಾಗಿ ಕೂಡಿಸುತ್ತ ಹೋಗುವ ವಿಧಾನ) ಆದರೆ ಮಾತು ಬೇರೆ. ಅಲ್ಲಿ ಯಾವುದು ಯಾವುದರೊಡನೆ ಕೂಡಿತೆಂದು ತೋರಿಸುವ ಇಡೀ ಮರವನ್ನೇ ಕೊಡಬೇಕು, ಅದನ್ನು ಕತ್ತರಿಸಿ ಗುಂಪುಗಳನ್ನು ಪಡೆಯುವುದಕ್ಕೆ ಪ್ರತ್ಯೇಕ ಫಂಕ್ಷನ್ ಇರಬೇಕು. ಪೈಥಾನ್ ಭಾಷೆಯ ಸೈಪೈ ಲೈಬ್ರರಿಯಲ್ಲಿ n ಬಿಂದುಗಳಿಗೆ n-1 ಸಾಲು, 4 ಕಾಲಮ್‌ಗಳ ಕೋಷ್ಟಕ ಬರುತ್ತದೆ: ಕೂಡಿದ ಎರಡು ಗುಂಪುಗಳು, ಅವುಗಳ ನಡುವಿನ ದೂರ, ಒಟ್ಟು ಸದಸ್ಯರು. ಬೇರೆ ಎತ್ತರದಲ್ಲಿ ಕತ್ತರಿಸಿ ನೋಡಬೇಕೆನಿಸಿದಾಗ ದೂರಗಳನ್ನೆಲ್ಲ ಮತ್ತೆ ಲೆಕ್ಕ ಹಾಕಬೇಕಾಗಿಲ್ಲ.

ಉತ್ತರ 4
ಮೇಲಿನವರು ಹೇಳಿದ್ದಕ್ಕೆ ಒಂದು ಸೇರ್ಪಡೆ. ಕೆ-ಮೀನ್ಸ್‌ನಂಥ ವಿಧಾನದಲ್ಲಿ ಆರಂಭದ ಕೇಂದ್ರಗಳ ಆಯ್ಕೆ ಬದಲಾದರೆ ಅದೇ ಗುಂಪುಗಳಿಗೆ ಬೇರೆ ಸಂಖ್ಯೆಗಳು ಬರಬಹುದು. ದೊಡ್ಡ ಗುಂಪಿನಿಂದ ಸಣ್ಣದಕ್ಕೆ ಸಂಖ್ಯೆ ಕೊಡಿ. ಗಾತ್ರ ಸಮವಾದರೆ ದತ್ತಾಂಶದಲ್ಲಿ ಮೊದಲು ಕಾಣಿಸಿದ್ದಕ್ಕೆ ಮೊದಲ ಸಂಖ್ಯೆ. ಎರಡು ಫಲಿತಾಂಶಗಳನ್ನು ಅಕ್ಕಪಕ್ಕ ಇಟ್ಟು ನೋಡುವವರಿಗೆ ಎಷ್ಟೋ ಹೊತ್ತು ಉಳಿಯುತ್ತದೆ.