ಸಹಾಯ ಬೇಕು: ಪ್ರಬಂಧದ ಚರ್ಚೆ ಭಾಗದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ

ಎಲ್ಲರಿಗೂ ನಮಸ್ಕಾರ. ನಾನು ವಿಶ್ವವಿದ್ಯಾಲಯದಲ್ಲಿ ಭಾಷೆ ಪಾಠ ಮಾಡುತ್ತೇನೆ. ಪಾಠ ಮಾಡಿ ಅಭ್ಯಾಸವಿದೆ, ಸಂಶೋಧನಾ ಪ್ರಬಂಧ ಬರೆಯುತ್ತಿರುವುದು ಇದೇ ಮೊದಲು. ನನ್ನದೇ ತರಗತಿಯ 34 ವಿದ್ಯಾರ್ಥಿಗಳ ಬರವಣಿಗೆಯಲ್ಲಿ ತಪ್ಪನ್ನು ತಿದ್ದಿ ಕೊಡದೆ, ಬರೀ ಗೆರೆ ಎಳೆದು ಕೊಟ್ಟರೆ ಏನಾಗುತ್ತದೆ ಅಂತ 12 ವಾರ ನೋಡಿದೆ. ಕೊನೆಕೊನೆಗೆ ಕೆಲವರು ಕೊಡುವ ಮೊದಲೇ ತಾವೇ ಪೆನ್ಸಿಲ್‌ನಲ್ಲಿ ಗೆರೆ ಹಾಕಿಕೊಂಡು ಬರುತ್ತಿದ್ದರು, ಅದನ್ನು ನೋಡಿ ತುಂಬಾ ಖುಷಿಯಾಯಿತು.

ಪೀಠಿಕೆಯನ್ನು ಭಾಷಾ ವಿದ್ವಾಂಸ ಜಾನ್ ಸ್ವೇಲ್ಸ್ 1990ರಲ್ಲಿ ವಿವರಿಸಿದ ಮೂರು ಹೆಜ್ಜೆಯಂತೆ ತಿದ್ದಿದೆ: ಮೊದಲು ಕ್ಷೇತ್ರದ ಪರಿಚಯ, ಆಮೇಲೆ ಅಲ್ಲಿರುವ ಕೊರತೆ, ಕೊನೆಗೆ ನನ್ನ ಕೆಲಸ. ಅದು ಸರಿಹೋಯಿತು. ತೊಂದರೆ ಇರುವುದು ಚರ್ಚೆ ಭಾಗದಲ್ಲೇ. ಒಬ್ಬ ವಿಮರ್ಶಕರು 'ಫಲಿತಾಂಶವನ್ನೇ ಮತ್ತೆ ಹೇಳಿದ್ದೀರಿ' ಅಂದರು. ಅರ್ಥ ವಿವರಿಸಿ ಬರೆದರೆ ಇನ್ನೊಬ್ಬರು 'ಹೋಲಿಸಲು ಬೇರೆ ಗುಂಪೇ ಇಲ್ಲ, ಇಷ್ಟು ದೊಡ್ಡ ಮಾತು ಬೇಡ' ಅಂದರು. ಅದೂ ನಿಜವೇ ಅಲ್ವಾ? 'ಇರಬಹುದು', 'ಅನಿಸುತ್ತದೆ' ಅಂತ ಎಲ್ಲ ಕಡೆ ಸೇರಿಸಿದೆ, ಈಗ ಓದಿದರೆ ಏನೂ ಹೇಳದಂತೆ ಕಾಣುತ್ತದೆ. ಸಹೋದ್ಯೋಗಿಗೂ ತೋರಿಸಿದೆ, ವ್ಯಾಕರಣ ಮಾತ್ರ ನೋಡಿ ಕೊಟ್ಟರು.

ಒಂದೇ ತರಗತಿಯ ಅಧ್ಯಯನದಲ್ಲಿ ಎಷ್ಟರ ಮಟ್ಟಿಗೆ ಖಚಿತವಾಗಿ ಹೇಳಬಹುದು? ಯಾವ ವಾಕ್ಯಕ್ಕೆ 'ಇರಬಹುದು' ಬೇಕು, ಯಾವುದಕ್ಕೆ ಬೇಡ ಅಂತ ನೀವು ಹೇಗೆ ತೀರ್ಮಾನಿಸುತ್ತೀರಿ?