‘ಬಾಯಿ ಬಿಡಲಿಲ್ಲ’ ಎನ್ನದೆ ಹೇಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ.

ತೀರ್ಥಹಳ್ಳಿ ಕಡೆಯ ಹಳ್ಳಿಗಳಲ್ಲಿ ಹಂಚಲು ನಾಲ್ಕು ಪುಟದ ಕಾನೂನು ಕೈಪಿಡಿಯೊಂದನ್ನು ನಾವು ಕೆಲವರು ಸೇರಿ ಬರೆಯುತ್ತಿದ್ದೇವೆ. ಠಾಣೆಯಿಂದ ನೋಟಿಸು ಬಂದರೆ ಏನು ಮಾಡಬೇಕು, ವಕೀಲರನ್ನು ಯಾವಾಗ ಕೇಳಬಹುದು, ತನಿಖೆಯ ವೇಳೆ ಬರೆದುಕೊಂಡ ಹೇಳಿಕೆಗೆ ಯಾಕೆ ಸಹಿ ಹಾಕಬೇಕಾಗಿಲ್ಲ ಎಂಬುದೆಲ್ಲ ಸಲೀಸಾಗಿ ಕನ್ನಡಕ್ಕೆ ಬಂತು. ಒಂದು ವಾಕ್ಯದಲ್ಲಿ ಮಾತ್ರ ಎರಡು ವಾರದಿಂದ ಸಿಕ್ಕಿಕೊಂಡಿದ್ದೇನೆ. ಪೊಲೀಸರ ಪ್ರಶ್ನೆಗೆ ಉತ್ತರ ಕೊಡದಿರಲು ಆರೋಪಿಗೆ ಹಕ್ಕಿದೆಯಲ್ಲ, ಆ ಹಕ್ಕನ್ನೂ ಹಾಗೆ ಉತ್ತರ ಕೊಡದಿರುವುದನ್ನೂ ಕನ್ನಡದಲ್ಲಿ ಏನೆಂದು ಕರೆಯಬೇಕು?

ಪುಸ್ತಕಗಳಲ್ಲಿ ಸಿಗುವುದು ‘ಮೌನದ ಹಕ್ಕು’. ಮೊದಲ ಕರಡಿನಲ್ಲಿ ನಾನೂ ಅದನ್ನೇ ಬರೆದಿದ್ದೆ. ಕರಡನ್ನು ಊರಿನಲ್ಲಿ ಓದಿ ಹೇಳುತ್ತಿದ್ದಾಗ ಒಬ್ಬ ಅಜ್ಜಿ, “ಮೌನ ಎಂದರೆ ವ್ರತವಲ್ಲವೇ, ಠಾಣೆಯಲ್ಲಿ ಯಾಕೆ ಮಾಡುತ್ತಾರೆ?” ಎಂದು ಕೇಳಿದರು. ಅವರು ಹೇಳಿದ್ದು ಸರಿ. ಮುನಿಯಿಂದ ಬಂದ ಪದ ಮೌನ. ಅದಕ್ಕೆ ಇಂದಿಗೂ ಆಶ್ರಮದ ವಾಸನೆ ಇದೆ. ಇನ್ನೊಂದು ತೊಡಕು ಅದಕ್ಕಿಂತ ದೊಡ್ಡದು. ‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಮಾತು ನಮ್ಮಲ್ಲಿ ಓದು ಬಾರದವರಿಗೂ ಗೊತ್ತು. ಹೆಣ್ಣು ನೋಡಲು ಬಂದಾಗ ಹುಡುಗಿ ತಲೆ ತಗ್ಗಿಸಿ ಕೂತರೂ ಒಪ್ಪಿಗೆ, ಪಂಚಾಯಿತಿಯಲ್ಲಿ ಎದುರಾಳಿ ಮಾತಾಡದಿದ್ದರೂ ಒಪ್ಪಿಗೆ. ಆ ಅರ್ಥ ಹೊತ್ತ ಪದವನ್ನೇ ತಂದು, ಒಪ್ಪಿಕೊಳ್ಳದಿರುವ ಹಕ್ಕಿಗೆ ಹೆಸರಾಗಿ ಇಟ್ಟರೆ ಓದುವವರು ಏನೆಂದುಕೊಳ್ಳಬೇಕು?

ಪತ್ರಿಕೆಗಳ ಕನ್ನಡ ನೋಡಿದರೆ ‘ಆರೋಪಿ ಬಾಯಿ ಬಿಡುತ್ತಿಲ್ಲ’. ಈ ನುಡಿಗಟ್ಟಿನೊಳಗೇ ತೀರ್ಪು ಕೂತಿದೆ. ಬಾಯೊಳಗೆ ಏನೋ ಇದೆ, ಹಲ್ಲು ಕಚ್ಚಿ ಹಿಡಿದಿದ್ದಾನೆ, ಬಿಟ್ಟರೆ ಉದುರುತ್ತದೆ ಎಂದೇ ಅದರ ಅರ್ಥ. ‘ಬಾಯಿ ಬಿಡಿಸಿದರು’ ಎಂದು ಓದುವಾಗ ಹೇಗೆ ಬಿಡಿಸಿದರು ಎಂಬ ಪ್ರಶ್ನೆ ನಮಗೆ ಏಳುವುದೂ ಇಲ್ಲ. ‘ತನಿಖೆಗೆ ಸಹಕರಿಸುತ್ತಿಲ್ಲ’ ಎಂಬುದು ಇದರ ಸಭ್ಯ ರೂಪ. ಆದರೆ ತಪ್ಪೊಪ್ಪಿಕೊಳ್ಳಲಿಲ್ಲ ಎಂಬ ಮಾತ್ರಕ್ಕೆ ತನಿಖೆಗೆ ಸಹಕರಿಸಲಿಲ್ಲ ಎನ್ನಲಾಗದು ಎಂದು ಸುಪ್ರೀಂ ಕೋರ್ಟು 2017ರಲ್ಲೇ ಹೇಳಿದೆ. ಇನ್ನು ‘ವಿಚಾರಣೆ’. ಠಾಣೆಯಲ್ಲಿ ನಡೆಯುವುದೂ ವಿಚಾರಣೆ, ನ್ಯಾಯಾಲಯದಲ್ಲಿ ನಡೆಯುವುದೂ ವಿಚಾರಣೆ. ‘ವಿಚಾರಣೆ ವೇಳೆ ಒಪ್ಪಿಕೊಂಡಿದ್ದಾನೆ’ ಎಂಬ ಸಾಲನ್ನು ಓದಿದವರು ಕಟಕಟೆಯನ್ನು ನೆನೆಯುತ್ತಾರೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂಬ ನಿಯಮ 1872ರ ಸಾಕ್ಷ್ಯ ಕಾಯಿದೆಯಿಂದಲೂ ಇದೆ, ಹೊಸ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಲ್ಲೂ ಉಳಿದಿದೆ. ಒಂದು ಪದದ ಗೊಂದಲದಿಂದ ಆ ನಿಯಮವೇ ಓದುಗರಿಗೆ ಕಾಣದಂತಾಗಿದೆ.

ಸುಮ್ಮನಿರುವುದಕ್ಕೆ ಕನ್ನಡದಲ್ಲಿ ಪದಗಳಿಗೇನೂ ಬರವಿಲ್ಲ. ತೆಪ್ಪಗಿದ್ದ ಎಂದರೆ ಬೆದರಿ ಅಡಗಿದ. ಬಾಯಿ ಕಟ್ಟಿತು ಎಂದರೆ ಹೆದರಿಕೆಗೆ ಮಾತು ಹೊರಡಲಿಲ್ಲ. ತುಟಿ ಪಿಟಕ್ಕೆನ್ನಲಿಲ್ಲ ಎಂದರೆ ಹಟ. ಮುಗುಮ್ಮಾಗಿದ್ದ ಎಂದರೆ ಒಳಗೊಂದು ಇಟ್ಟುಕೊಂಡು ಹೊರಗೆ ತೋರಗೊಡಲಿಲ್ಲ. ‘ಹೇಳಬೇಕಾಗಿಲ್ಲ, ಆದ್ದರಿಂದ ಹೇಳುತ್ತಿಲ್ಲ’ ಎಂದು ತಿಳಿದೇ ತೀರ್ಮಾನಿಸಿ ಕೂತವರಿಗೆ ಮಾತ್ರ ಹೆಸರಿಲ್ಲ. ಠಾಣೆಯಲ್ಲಿ ಈ ಎಲ್ಲ ಬಗೆಯ ಸುಮ್ಮನಿರುವಿಕೆಯೂ ಇರುತ್ತದೆ. ಪೊಲೀಸರ ಕೈಯಲ್ಲಿ ಏನಿದೆ ಎಂದು ಗೊತ್ತಾಗುವವರೆಗೆ ಮಾತಾಡಬೇಡಿ ಎಂದು ವಕೀಲರು ಹೇಳಿರುತ್ತಾರೆ. ಮಂಗಳವಾರವನ್ನು ಬುಧವಾರವೆಂದರೆ ನಾಳೆ ಅದೇ ಸುಳ್ಳಾಗುತ್ತದೆ ಎಂಬ ಅಂಜಿಕೆ ಇರುತ್ತದೆ. ತಮ್ಮನನ್ನೋ ಮಗನನ್ನೋ ಉಳಿಸುವ ಆಸೆ ಇರುತ್ತದೆ. ತಪ್ಪು ಮಾಡಿಯೇ ಸುಮ್ಮನಿರುವವರೂ ಇದ್ದಾರೆ, ಇಲ್ಲವೆನ್ನುವುದಿಲ್ಲ.

ನನಗೆ ಗೊತ್ತಿದ್ದ ಒಬ್ಬರ ವಿಷಯ ಹೇಳುತ್ತೇನೆ. ಸುಮಾರು 30 ವರ್ಷದ ಹಿಂದೆ ನಮ್ಮ ಕಡೆ ಒಂದು ಮನೆಯ ಅಂಗಳದಿಂದ ಎರಡು ಮೂಟೆ ಒಣಗಿದ ಅಡಿಕೆ ಕಳುವಾಯಿತು. ಆ ಮನೆಯ ತೋಟಕ್ಕೆ ಅಡಿಕೆ ಕೊನೆ ತೆಗೆಯಲು ಬರುತ್ತಿದ್ದ ಇವರನ್ನು ಠಾಣೆಗೆ ಕರೆಸಿದರು. ಕೇಳಿದ್ದು ಒಂದೇ ಪ್ರಶ್ನೆ: ಆ ರಾತ್ರಿ ಎಲ್ಲಿದ್ದೆ? ಬೆಳಗಿನಿಂದ ದೀಪ ಹಚ್ಚುವವರೆಗೆ ಅವರು ಬೆಂಚಿನ ತುದಿಯಲ್ಲಿ ಕೂತು, ಅಂಗೈಯಲ್ಲಿ ಒಣಗಿದ ಅಡಿಕೆ ಚೊಗರಿನ ಕಪ್ಪನ್ನು ಉಗುರಿನಿಂದ ಕೆರೆಯುತ್ತ ಇದ್ದರಂತೆ. ಉತ್ತರ ಕೊಡಲಿಲ್ಲ. ಊರು ತೀರ್ಮಾನಿಸಿಬಿಟ್ಟಿತು. ಆಮೇಲೆ ಮಾಲು ಬೇರೆಲ್ಲೋ ಬೇರೆ ಯಾರ ಬಳಿಯೋ ಸಿಕ್ಕಿತು. ಆದರೂ ಅವರನ್ನು ತೋಟದ ಕೆಲಸಕ್ಕೆ ಕರೆಯುವವರು ಕಡಿಮೆಯಾದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನು ಅವರೇ ನನ್ನ ಮುಂದೆ ಒಮ್ಮೆ ಆಡಿದ್ದರು. ಆ ರಾತ್ರಿ ಅವರು ಕಾಡಿನಲ್ಲಿ, ಪರವಾನಗಿ ಇಲ್ಲದ ಕೋವಿ ಹಿಡಿದು, ಹಂದಿಗೆ ಮರಸು ಕೂತಿದ್ದರು. ನಿಜ ಹೇಳಿದರೆ ಅಡಿಕೆಯ ಕೇಸು ಹೋಗಿ ಕಾಡಿನ ಕೇಸು ಬರುತ್ತಿತ್ತು, ಜೊತೆಗಿದ್ದ ಇಬ್ಬರ ಹೆಸರೂ ಬರುತ್ತಿತ್ತು. ಅವರು ಈಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕಾನೂನು ಕಾಯುವುದು ಸರಿಯಾಗಿ ಇಂಥವರನ್ನೇ. ಯಾವ ಆರೋಪಿಯನ್ನೂ ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಬಲವಂತಪಡಿಸಬಾರದು ಎಂದು ಸಂವಿಧಾನದ 20(3)ನೇ ವಿಧಿ ಹೇಳುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 180ನೇ ಕಲಂ (ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 161 ಆಗಿತ್ತು), ಪೊಲೀಸರ ಪ್ರಶ್ನೆಗಳಿಗೆ ನಿಜವಾದ ಉತ್ತರ ಕೊಡಬೇಕು, ಆದರೆ ತನ್ನ ಮೇಲೆ ಕ್ರಿಮಿನಲ್ ಆರೋಪ ಬರುವಂಥ ಉತ್ತರ ಕೊಡಬೇಕಾಗಿಲ್ಲ ಎನ್ನುತ್ತದೆ. ಒಡಿಶಾದ ಮಾಜಿ ಮುಖ್ಯಮಂತ್ರಿ ನಂದಿನಿ ಸತ್ಪತಿಯವರು ಪೊಲೀಸರ ಲಿಖಿತ ಪ್ರಶ್ನೆಗಳಿಗೆ ಉತ್ತರಿಸಲಿಲ್ಲವೆಂದು ಅವರ ಮೇಲೆ ಹೂಡಿದ ಮೊಕದ್ದಮೆಯಲ್ಲಿ, 1978ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಈಗ ತನಿಖೆಯಲ್ಲಿರುವ ಅಪರಾಧ ಮಾತ್ರವಲ್ಲ, ಮೈಮೇಲೆ ಬರಬಹುದಾದ ಬೇರೆ ಅಪರಾಧದ ವಿಷಯದಲ್ಲೂ ಈ ರಕ್ಷಣೆ ಇದೆ ಎಂದರು. 2010ರ ಸೆಲ್ವಿ ಪ್ರಕರಣ ನಮ್ಮ ಕರ್ನಾಟಕದ್ದೇ. ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ ಮಾಡುವಂತಿಲ್ಲ ಎಂದು ತೀರ್ಪಾದದ್ದು ಅದರಲ್ಲಿ. (‘ಮಂಪರು ಪರೀಕ್ಷೆ’ ಎಷ್ಟು ಚೆಂದದ ಪದ! ಪತ್ರಿಕೆಯವರೇ ರೂಢಿಗೆ ತಂದದ್ದು. ಅದು ಸಾಧ್ಯವಾದರೆ ಇದೂ ಸಾಧ್ಯ.)

ಇಲ್ಲಿಗೆ ‘ಮೌನ’ದ ಮೂರನೆಯ ತೊಡಕು ಕಾಣುತ್ತದೆ. ಕಾನೂನು ಕೊಡುವುದು ಪೂರ್ತಿ ಮೌನವನ್ನಲ್ಲ. ಒಂದು ಪ್ರಶ್ನೆಗೆ ಉತ್ತರಿಸಿ ಮುಂದಿನದಕ್ಕೆ ಉತ್ತರಿಸದೆ ಇರಬಹುದು. ಬೆರಳಚ್ಚು, ಕೈಬರಹದ ಮಾದರಿ ಕೊಡುವುದು ತನ್ನ ವಿರುದ್ಧ ಸಾಕ್ಷಿಯಾದಂತಲ್ಲ ಎಂದು 1961ರಲ್ಲೇ ತೀರ್ಮಾನವಾಗಿದೆ.

ಠಾಣೆಯ ಕನ್ನಡದ ಒಂದು ಮಾದರಿಯನ್ನೂ ನೋಡಿ. ಆರೋಪಿಯ ಹೇಳಿಕೆಗೆ ಅಲ್ಲಿ ‘ಸ್ವಇಚ್ಛಾ ಹೇಳಿಕೆ’ ಎಂದು ಹೆಸರು. ಅದರ ಕೊನೆಗೆ ‘ನನ್ನನ್ನು ಕರೆದುಕೊಂಡು ಹೋದಲ್ಲಿ ಸ್ಥಳವನ್ನು ತೋರಿಸಿಕೊಡುತ್ತೇನೆ’ ಎಂಬಂಥ ಸಾಲು ಬರುತ್ತದೆ. ಮಲೆನಾಡಿನ ಯಾವ ಕೂಲಿಯವನ ಬಾಯಲ್ಲೂ ‘ಹೋದಲ್ಲಿ’ ಎಂಬ ಪ್ರಯೋಗವನ್ನು ನಾನು ಕೇಳಿಲ್ಲ. ಆದರೂ ಆ ಸಾಲಿಗೆ ತುಂಬಾ ತೂಕವಿದೆ. ಹೇಳಿಕೆಯಿಂದ ವಸ್ತುವೇನಾದರೂ ಪತ್ತೆಯಾದರೆ, ಪತ್ತೆಗೆ ಕಾರಣವಾದ ಅಷ್ಟು ಭಾಗವನ್ನು ನ್ಯಾಯಾಲಯ ಒಪ್ಪುತ್ತದೆ. ಉಳಿದದ್ದು ನಿಲ್ಲುವುದಿಲ್ಲ. ತನ್ನ ಮಾತು ಇನ್ನೊಬ್ಬರ ಕನ್ನಡದಲ್ಲಿ ಕಾಗದಕ್ಕೆ ಇಳಿಯುತ್ತದೆ ಎಂಬುದೇ ಬಾಯಿ ತೆರೆಯದಿರಲು ಸಾಕಷ್ಟು ಕಾರಣ ಎಂದು ನನಗೆ ಅನ್ನಿಸುತ್ತದೆ.

ನಾನು ಯೋಚಿಸಿದ ಪದಗಳನ್ನು ಹೇಳುತ್ತೇನೆ. ‘ಸುಮ್ಮನಿರುವ ಹಕ್ಕು’ ಎಂದರೆ ಕೂಡಲೇ ಅರ್ಥವಾಗುತ್ತದೆ. ಆದರೆ ‘ಸುಮ್ಮನೆ’ ಎಂದರೆ ಕಾರಣವಿಲ್ಲದೆ ಎಂದೂ ಆಗುತ್ತದೆ, ಇಲ್ಲಿ ಕಾರಣವೇ ಮುಖ್ಯ. ‘ಉತ್ತರಿಸದಿರುವ ಹಕ್ಕು’ ನಿಖರ, ಆದರೆ ನಾಲಿಗೆಗೆ ಒರಟು. ‘ಉತ್ತರಿಸಲು ನಿರಾಕರಿಸಿದ’ ಎಂದರೆ ಉದ್ಧಟತನ ಇಣುಕುತ್ತದೆ. ಇಂಗ್ಲೆಂಡಿನಲ್ಲಿ ಆರೋಪಿ ಪ್ರತಿ ಪ್ರಶ್ನೆಗೂ ‘ನೋ ಕಾಮೆಂಟ್’ ಎನ್ನುವುದು ವಾಡಿಕೆ. ಅಲ್ಲಿ 1994ರ ಕಾಯಿದೆಯ ಪ್ರಕಾರ, ಠಾಣೆಯಲ್ಲಿ ಹೇಳದೆ ಬಿಟ್ಟು ಮುಂದೆ ನ್ಯಾಯಾಲಯದಲ್ಲಿ ಅದೇ ಸಂಗತಿಯನ್ನು ಆಧಾರ ಮಾಡಿಕೊಂಡರೆ ಅದರಿಂದ ಪ್ರತಿಕೂಲ ಊಹೆಗೆ ಅವಕಾಶವಿದೆ. ಹಾಗಾಗಿ ಅವರ ಪದವನ್ನು ಹಾಗೇ ತಂದರೆ ಅವರ ಕಾನೂನೂ ಜೊತೆಗೆ ಬಂದಂತೆ ಕೇಳುತ್ತದೆ.

ನನ್ನ ಮನಸ್ಸು ನಿಂತಿರುವುದು ‘ಒಲ್ಲೆ’ಯ ಮೇಲೆ. ಕನ್ನಡದ ನಿಷೇಧರೂಪಗಳಿಗೆ ಇರುವ ಸೂಕ್ಷ್ಮ ನೋಡಿ: ಹೇಳಲಾರೆ ಎಂದರೆ ನನ್ನಿಂದಾಗದು. ಹೇಳಲರಿಯೆ ಎಂದರೆ ನನಗೆ ಗೊತ್ತಾಗದು. ಹೇಳಲೊಲ್ಲೆ ಎಂದರೆ ಆಗುತ್ತದೆ, ಗೊತ್ತೂ ಇದೆ, ಆದರೆ ಹೇಳಲು ನನಗೆ ಮನಸ್ಸಿಲ್ಲ. ಅದರಲ್ಲಿ ಸುಳ್ಳಿಲ್ಲ, ಅಳುಕಿಲ್ಲ, ಒಪ್ಪಿಗೆಯೂ ಇಲ್ಲ. ‘ಆರೋಪಿ ಉತ್ತರಿಸಲೊಲ್ಲೆ ಎಂದರು’ ಎಂದು ಪತ್ರಿಕೆಯಲ್ಲಿ ಬಂದರೆ ಓದುಗರು ಅವರನ್ನು ಕಳ್ಳರೆಂದು ಎಣಿಸುವುದಿಲ್ಲ ಎಂದು ನನ್ನ ನಂಬಿಕೆ. ಹೆದರಿಕೆ ಇರುವುದು ಒಂದೇ. ಉತ್ತರ ಕರ್ನಾಟಕದಲ್ಲಿ ‘ಒಲ್ಲೆ’ ದಿನಬಳಕೆಯ ಮಾತು. ನಮ್ಮ ಕಡೆ ‘ಒಲ್ಲದ ಮನಸ್ಸು’, ‘ಒಲ್ಲದ ಗಂಡನಿಗೆ ಮೊಸರಲ್ಲಿ ಕಲ್ಲು’ ಎಂಬಲ್ಲಿ ಉಳಿದಿದೆ, ಉಳಿದಂತೆ ಕಾವ್ಯದ ಮಾತಾಗಿ ಕೇಳಬಹುದು.

ಸಾಗರ, ಹೊಸನಗರ, ಶೃಂಗೇರಿ, ಕೊಪ್ಪದ ಕಡೆಯವರು ದಯವಿಟ್ಟು ತಿಳಿಸಿ. ಪಂಚಾಯಿತಿ ಕಟ್ಟೆಯಲ್ಲಿ ಹಿರಿಯರು ಕೇಳಿದ ಪ್ರಶ್ನೆಗೆ ಒಬ್ಬರು ಬೇಕೆಂದೇ, ಮರ್ಯಾದೆ ಬಿಡದೆ, ಉತ್ತರ ಕೊಡದೆ ಕೂತರೆ ನಿಮ್ಮಲ್ಲಿ ಅದಕ್ಕೆ ಏನೆನ್ನುತ್ತಾರೆ? ನಿಮ್ಮ ಮನೆಯ ಹಿರಿಯರಿಗೆ ‘ಉತ್ತರಿಸಲೊಲ್ಲೆ’ ಎಂದು ಹೇಳಿ ನೋಡಿ, ಅವರಿಗೆ ಏನು ಅರ್ಥವಾಯಿತು ಎಂದೂ ಬರೆಯಿರಿ. ಮುಂದಿನ ಗ್ರಾಮಸಭೆಗೆ ಮೊದಲು ಕೈಪಿಡಿ ಅಚ್ಚಿಗೆ ಹೋಗಬೇಕು. ಆ ಒಂದು ಸಾಲಿಗೆ ಜಾಗ ಬಿಟ್ಟುಕೊಂಡು ಕಾಯುತ್ತಿದ್ದೇನೆ.