ಲಿನಕ್ಸ್ ಹಾಕಿದ ಬಿಲ್ಲಿಂಗ್ ಪೆಟ್ಟಿಗೆ ಮಾರಿದರೆ ಸೋರ್ಸ್ ಕೋಡ್ ಕೊಡಲೇಬೇಕಾ?

ತುಂಗೆದಡ
ಶಿವಮೊಗ್ಗದ ದುರ್ಗಿಗುಡಿಯಲ್ಲಿ ನಮ್ಮದು ಸಣ್ಣ ಕಂಪ್ಯೂಟರ್ ಅಂಗಡಿ. ಅಡಿಕೆ ಮಂಡಿಗಳಿಗೆ ಅಂತಲೇ ಒಂದು ಬಿಲ್ಲಿಂಗ್ ಪೆಟ್ಟಿಗೆ ಮಾಡಿ ಮಾರುತ್ತೇನೆ. ಒಳಗೆ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್, ಅದರ ಮೇಲೆ ಡೆಬಿಯನ್ (ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ಒಂದು ಬಗೆ), ಅದರ ಮೇಲೆ ನಾನೇ ಪೈಥಾನ್‌ನಲ್ಲಿ ಬರೆದ ಪ್ರೋಗ್ರಾಂ. ತೂಕ ತಕ್ಕಡಿಯಿಂದ ತಾನೇ ಬರುತ್ತದೆ. ರಾಶಿ, ಬೆಟ್ಟೆ, ಸರಕು, ಗೊರಬಲು, ಯಾವುದು ಅಂತ ಒತ್ತಿ ರೇಟ್ ಹೊಡೆದರೆ ಹಮಾಲಿ ಕಳೆದು ಚೀಟಿ ಬರುತ್ತದೆ.

ಈಗ ತೀರ್ಥಹಳ್ಳಿಯ ಗಿರಾಕಿಯೊಬ್ಬರು ಎರಡು ಪೆಟ್ಟಿಗೆ ಕೇಳಿದ್ದಾರೆ. ಅವರ ಮಗ ಬೆಂಗಳೂರಲ್ಲಿ ಸಾಫ್ಟ್‌ವೇರ್‌ನಲ್ಲಿದ್ದಾನೆ. "ಲೈಸೆನ್ಸ್ ಪ್ರಕಾರ ಲಿನಕ್ಸ್ ಸೋರ್ಸ್ ಕೊಡಬೇಕು, ಎಲ್ಲಿ?" ಅಂತ ಮೇಲ್ ಹಾಕಿದ್ದಾನೆ. ಸೋರ್ಸ್ ಅಂದರೆ ಪ್ರೋಗ್ರಾಂ ಬರೆದ ಮೂಲ ಸಾಲುಗಳು. ನಾನು ಲಿನಕ್ಸ್‌ನ ಒಂದು ಸಾಲೂ ಮುಟ್ಟಿಲ್ಲ. ಡೆಬಿಯನ್ ಸೈಟಿನ ಲಿಂಕ್ ಕಳಿಸಿದರೆ ಸಾಲದಾ? ನನ್ನ ಪ್ರೋಗ್ರಾಮನ್ನೂ ಕೊಡಬೇಕಾಗುತ್ತಾ? ಕೊಟ್ಟರೆ ಪಕ್ಕದ ಅಂಗಡಿಯವನು ನಾಳೆಯೇ ಅದನ್ನು ಮಾರಲು ಕೂರುತ್ತಾನೆ.

ಜೋಗದಹಾದಿ
ಮಾರಾಯ್ರೆ, ಹುಡುಗ ಕೇಳಿದ್ದು ಸರಿಯಾಗೇ ಇದೆ. ಮುಟ್ಟಿದ್ದೀರೋ ಇಲ್ಲವೋ ಅನ್ನೋದು ಲೆಕ್ಕಕ್ಕಿಲ್ಲ. ನಿಮ್ಮ ಅಂಗಡಿಯೊಳಗೇ ಬಳಸಿಕೊಂಡಿದ್ದರೆ ಯಾರೂ ಕೇಳುತ್ತಿರಲಿಲ್ಲ. ಪ್ರತಿ ಮಾಡಿ ಇನ್ನೊಬ್ಬರ ಕೈಗೆ ಕೊಟ್ಟಿರಿ, ಜವಾಬ್ದಾರಿ ಬಂತು.

ಲಿನಕ್ಸ್ ಕರ್ನಲ್ (ಅದರ ತಿರುಳು) ಇರುವುದು 1991ರ ಜಿಪಿಎಲ್ 2 ಅನ್ನೋ ಲೈಸೆನ್ಸ್‌ನಲ್ಲಿ. ಅದರ 3ನೇ ಕಲಂ ಓದಿ. ಒಂದೋ ಪೆಟ್ಟಿಗೆ ಜೊತೆಗೇ ಸೋರ್ಸ್ ಕೊಡಬೇಕು. ಇಲ್ಲಾಂದ್ರೆ ಕೇಳಿದಾಗ ಕೊಡುತ್ತೇವೆ ಅಂತ ಬರೆದುಕೊಡಬೇಕು. ಆ ಮಾತು ಕನಿಷ್ಠ 3 ವರ್ಷ ನಡೆಯಬೇಕು, ನಿಮ್ಮ ಗಿರಾಕಿ ಅಲ್ಲದವರು ಕೇಳಿದರೂ ಕೊಡಬೇಕು. ಕಳಿಸುವ ಖರ್ಚು ತಗೋಬಹುದು ಅಷ್ಟೇ. ನಿಮಗೆ ಕೊಟ್ಟವರು ಬರೆದುಕೊಟ್ಟಿದ್ದನ್ನೇ ಮುಂದೆ ದಾಟಿಸುವ ದಾರಿಯೂ ಇದೆ, ಆದರೆ ಅದು ದುಡ್ಡಿಗೆ ಮಾರುವವರಿಗಲ್ಲ. ಹಾಗಾಗಿ "ಡೆಬಿಯನ್‌ನವರನ್ನು ಕೇಳಿ" ಅಂತ ಕೈ ತೊಳೆದುಕೊಳ್ಳಲು ಆಗಲ್ಲ.

ಹೊಸನಗರಮಳೆ
ನಾನಾದರೆ ಮೊದಲನೇ ದಾರಿಯೇ ಹಿಡಿಯುತ್ತೇನೆ. ನಮ್ಮ ಕಡೆ ಆಷಾಢದಲ್ಲಿ ಕರೆಂಟೇ ಇರಲ್ಲ, ಇನ್ನು ಲಿಂಕ್ ಕೊಟ್ಟು ಏನು ಮಾಡ್ತೀರಿ. ಸೋರ್ಸ್ ತುಂಬಿದ ಪೆನ್‌ಡ್ರೈವ್ ಪೆಟ್ಟಿಗೆಯಲ್ಲೇ ಹಾಕಿಬಿಡಿ, ಅಲ್ಲಿಗೆ ಮುಗಿಯಿತು.

ಬರೆದುಕೊಡುವ ದಾರಿಯಲ್ಲಿ ಇನ್ನೊಂದು ಸಿಕ್ಕು ಇದೆ. ಡೆಬಿಯನ್ ಜೊತೆ ಬರುವ ಬ್ಯಾಶ್ (ಕಮಾಂಡ್ ಹೊಡೆಯುವ ಪ್ರೋಗ್ರಾಂ) ಥರದವು ಅದೇ ಲೈಸೆನ್ಸಿನ ಮುಂದಿನ ಆವೃತ್ತಿ ಜಿಪಿಎಲ್ 3ರಲ್ಲಿವೆ. ಅಲ್ಲಿ 3 ವರ್ಷದ ಜೊತೆಗೆ, ಆ ಮಾಡೆಲ್‌ಗೆ ಬಿಡಿಭಾಗವೋ ಸರ್ವಿಸೋ ಕೊಡುವವರೆಗೂ ಸೋರ್ಸ್ ಕೊಡಬೇಕು. ನೀವು ಎಎಂಸಿ (ವಾರ್ಷಿಕ ಸರ್ವಿಸ್ ಕರಾರು) ಮಾಡಿಕೊಂಡಿರುತ್ತೀರಿ ಅಲ್ವಾ? ಅದು ಎಳೆದಷ್ಟು ದಿನ ಇದೂ ಎಳೆಯುತ್ತದೆ.

ಎಸ್‌ಡಿ ಕಾರ್ಡಿನ ಇಮೇಜ್ (ಪೂರ್ತಿ ಪ್ರತಿ) ಮಾಡಿದ ದಿನವೇ ಪ್ರತಿ ಪ್ಯಾಕೇಜಿನ ಸೋರ್ಸ್ ಇಳಿಸಿಡಿ. ಪೆಟ್ಟಿಗೆಯಲ್ಲಿರುವ ಆವೃತ್ತಿಯದ್ದೇ ಆಗಬೇಕು. ಹಳೆಯದು ಬೇಕಾದರೆ ಡೆಬಿಯನ್‌ನ ಸ್ನ್ಯಾಪ್‌ಶಾಟ್ ಆರ್ಕೈವ್‌ನಲ್ಲಿ ದಿನಾಂಕ ಹಾಕಿ ಹುಡುಕಬಹುದು. ಬ್ರೌಸರ್ ಬೇಡವಾದರೆ ಕಿತ್ತುಹಾಕಿ. ಕ್ರೋಮಿಯಂ ಸೋರ್ಸ್ ಸುಮ್ನೆ ಜಾಗ ತಿನ್ನುತ್ತದೆ.

ಒಂದೇ ಕಾರ್ಡಿನಲ್ಲಿದೆ ಅಂದ ಮಾತ್ರಕ್ಕೆ ನಿಮ್ಮ ಪ್ರೋಗ್ರಾಂ ಜಿಪಿಎಲ್ ಆಗಲ್ಲ. ಅಂದಹಾಗೆ, ಸ್ಕ್ರೀನು, ಬಟನ್ನು ಎಲ್ಲ ಯಾವ ಲೈಬ್ರರಿಯಲ್ಲಿ ಮಾಡಿದ್ದೀರಿ?

ತುಂಗೆದಡ
ಪೈಕ್ಯೂಟಿ 5. ಫ್ರೀ ಅಲ್ವಾ ಅದು?

ಜೋಗದಹಾದಿ
ಅಯ್ಯೋ, ಲಿನಕ್ಸ್‌ಗಿಂತ ಅದೇ ನಿಮಗೆ ತೊಡಕು. ಪೈಕ್ಯೂಟಿ ಸಿಗುವುದು ಎರಡು ಥರ: ಜಿಪಿಎಲ್ 3, ಇಲ್ಲವೇ ರಿವರ್‌ಬ್ಯಾಂಕ್ ಕಂಪನಿಗೆ ದುಡ್ಡು ಕಟ್ಟಿ ತಗೊಳ್ಳುವ ಕಮರ್ಷಿಯಲ್ ಲೈಸೆನ್ಸ್. ಬಿಟ್ಟಿ ಇರುವುದನ್ನು ಹಾಕಿ ಮಾರಿದರೆ ನಿಮ್ಮ ಬಿಲ್ಲಿಂಗ್ ಪ್ರೋಗ್ರಾಮೂ ಜಿಪಿಎಲ್‌ನಲ್ಲೇ ಹೋಗಬೇಕು. ಪೆಟ್ಟಿಗೆ ಕೊಂಡವರು ಅದನ್ನು ಪಕ್ಕದ ಅಂಗಡಿಗೆ ಕೊಟ್ಟರೂ ನೀವು ತಡೆಯುವಂತಿಲ್ಲ.

ಅದೇ ಕೆಲಸದ ಇನ್ನೊಂದು ಲೈಬ್ರರಿ ಪೈಸೈಡ್‌ಗೆ ಬದಲಾಯಿಸಿ. ಅದು ಎಲ್‌ಜಿಪಿಎಲ್, ಅಂದ್ರೆ ಜಿಪಿಎಲ್‌ನ ಸಡಿಲ ರೂಪ. ಲೈಸೆನ್ಸ್ ಪ್ರತಿ, ಆ ಲೈಬ್ರರಿಯ ಸೋರ್ಸ್ ಕೊಡಬೇಕು, ಗಿರಾಕಿಗೆ ಲೈಬ್ರರಿ ಬದಲಾಯಿಸಿಕೊಳ್ಳಲು ಬಿಡಬೇಕು. ನಿಮ್ಮ ಕೋಡ್ ನಿಮ್ಮದೇ. ಇಂಪೋರ್ಟ್ ಸಾಲುಗಳು, ಸಿಗ್ನಲ್ ಹೆಸರು ಬದಲಾಗುತ್ತವೆ, ಉಳಿದದ್ದು ಹೆಚ್ಚುಕಮ್ಮಿ ಅದೇ.

ತುಂಗೆದಡ
ಈಗಾಗಲೇ ಮಾರಿದ ಪೆಟ್ಟಿಗೆಗಳ ಕಥೆ?

ಹೊಸನಗರಮಳೆ
ಅವಕ್ಕೆ ಹಳೆ ಲೆಕ್ಕವೇ. ಆ ಮಂಡಿಗಳಿಗೂ ಸೋರ್ಸ್ ಮುಟ್ಟಿಸಿ, ನಿಮ್ಮ ಪ್ರೋಗ್ರಾಮಿನದ್ದೂ ಸೇರಿಸಿ. ಜಿಪಿಎಲ್ 3ರಲ್ಲಿ, ಸಾಫ್ಟ್‌ವೇರ್ ಹಕ್ಕುದಾರರಿಂದ ಮೊದಲ ಸಲ ನೋಟಿಸ್ ಬಂದ 30 ದಿನದೊಳಗೆ ಸರಿಮಾಡಿದರೆ ಅದನ್ನು ಹಂಚುವ ನಿಮ್ಮ ಹಕ್ಕು ಉಳಿಯುತ್ತದೆ. ಜಿಪಿಎಲ್ 2ರ ಪಠ್ಯದಲ್ಲಿ ಆ ರಿಯಾಯಿತಿ ಇಲ್ಲ. ಹೇಗೂ ಸರ್ವಿಸ್‌ಗೆ ಹೋಗ್ತೀರಲ್ಲ, ಆಗ ಪೆನ್‌ಡ್ರೈವ್ ಕೊಟ್ಟು ಬನ್ನಿ.